ಅರಿಶಿನದ ಸೀರೆ, ಬೆಣ್ಣೆ ಬಣ್ಣದ ಫೋಟೊ

ಚಳ್ಳಕೆರೆಯಲ್ಲಿ ಬಸ್ ಹತ್ತಿದರೆ ಊರು ದಾಟುವ ತನಕ ಶೇಂಗಾ ಎಣ್ಣೆಯ ವಾಸನೆ ಜೊತೆಗೇ ಬರುತ್ತದೆ. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು ನಮ್ಮದು. ಕಳೆದ ಕಾರ್ತಿಕದಲ್ಲಿ ತಮ್ಮನ ಮಗನ ಮದುವೆ ಗೊತ್ತಾಗಿತ್ತು. ಹೆಣ್ಣಿಗೆ ಸೋದರತ್ತೆ ಕಡೆಯಿಂದ ಒಂದು ಸೀರೆ ಕೊಡಬೇಕು, ಅದೂ ಮೊಳಕಾಲ್ಮೂರಿನ ಮಗ್ಗದ ಮನೆಯಿಂದಲೇ ತರಬೇಕು ಅಂತ ನನ್ನ ಆಸೆ. ರಜೆಗೆ ಬಂದಿದ್ದ ಮಗಳನ್ನು ಒತ್ತಾಯ ಮಾಡಿ ಹೊರಡಿಸಿದೆ.

ಒತ್ತಾಯ ಯಾಕೆಂದರೆ, ಆರು ತಿಂಗಳಿಂದ ಹುಡುಗಿ ಮಂಕಾಗಿದ್ದಳು. ನಮ್ಮ ಈ ಎರಡು ತಾಲ್ಲೂಕಿನ ಮಕ್ಕಳು ಡಿಗ್ರಿ ಮುಗಿಸಿ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೋ, ಚಿತ್ರದುರ್ಗದ ಹತ್ತಿರ ಗುಡ್ಡದ ರಂಗವ್ವನಹಳ್ಳಿಯಲ್ಲಿರುವ ಅದರ ಸ್ನಾತಕೋತ್ತರ ಕೇಂದ್ರಕ್ಕೋ, ಇನ್ನೂ ದೂರದ ಊರಿಗೋ ಓದಲು ಹೋಗುತ್ತಾರೆ. ಇವಳೂ ಹಾಗೇ ಹೋದವಳು, ಎಂ.ಕಾಂ. ಎರಡು ಮುದ್ದೆ ಉಣ್ಣುತ್ತಿದ್ದವಳು ಅರ್ಧ ಚಪಾತಿಗೆ ಇಳಿದಿದ್ದಳು. ಒಂದು ಫೋಟೊಕ್ಕೆ ಮೂವತ್ತು ಸಲ ಕ್ಲಿಕ್ಕಿಸುವುದು, ಫಿಲ್ಟರ್ ಹಾಕುವುದು, ಇನ್‌ಸ್ಟಾಗ್ರಾಂಗೆ ಏರಿಸುವುದು, ಎಷ್ಟು ಲೈಕ್ ಬಂತೆಂದು ನಡುರಾತ್ರಿ ಎದ್ದು ನೋಡುವುದು, ಬೆಳಿಗ್ಗೆ ಅಳಿಸಿಬಿಡುವುದು.

ಕೆದಕಿ ಕೇಳಿದಾಗ ಒಂದು ವಿಷಯ ಹೊರಬಿತ್ತು. ಗೆಳತಿಯರ ಜೊತೆಗಿನ ಗ್ರೂಪ್ ಫೋಟೊದ ಕೆಳಗೆ ಯಾರೋ “ಲೈಟ್ ಹಾಕ್ರೋ, ನಮ್ಮ ಚಳ್ಳಕೆರೆ ಕಾಣಿಸ್ತಾನೇ ಇಲ್ಲ” ಅಂತ ಬರೆದಿದ್ದರು. ನಗುವ ಚಿಹ್ನೆ ಹಾಕಿದವರು ಇಪ್ಪತ್ತು ಜನ. ಅದಾದ ಮೇಲೆ ಮೂರು ದಿನ ಕ್ಲಾಸಿಗೇ ಹೋಗಿರಲಿಲ್ಲವಂತೆ. ನಾನು ಮಾಡಿದ್ದೇನು? ಮೊಬೈಲ್ ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ಎರಡು ದಿನ ಅವಳು ನನ್ನ ಜೊತೆ ಮಾತೇ ಬಿಟ್ಟಳು. ಮೂರನೇ ದಿನ ನಾನೇ ಸೋತು ವಾಪಸ್ ಕೊಟ್ಟೆ.

ತಳಕು ದಾಟಿ ಹಿರೇಹಳ್ಳಿ, ಬಿ.ಜಿ.ಕೆರೆ ಕಡೆ ಬಂದಂತೆ ನೆಲ ಒಣಗುತ್ತಾ ಹೋಗುತ್ತದೆ. ಶೇಂಗಾ ಕಿತ್ತ ಹೊಲಗಳು, ಜಾಲಿಗಿಡ, ಕುರಿ ಮಂದೆ, ದೂರದಲ್ಲಿ ಬಂಡೆ ಜೋಡಿಸಿಟ್ಟಂಥ ಗುಡ್ಡಗಳು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ ಇದು. ಈ ಬಿಸಿಲಲ್ಲಿ ಹುಟ್ಟಿದವರ ಮೈಬಣ್ಣ ಇನ್ನು ಹೇಗಿರಬೇಕು? ಮಗಳು ಕಿಟಕಿ ಪಕ್ಕ ಕೂತಿದ್ದಳು. ಬಿಸಿಲು ತಾಗದ ಹಾಗೆ ದುಪಟ್ಟಾ ಮುಖಕ್ಕೆ ಸುತ್ತಿಕೊಂಡಿದ್ದಳು. ಹಾನಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಮೊಳಕಾಲ್ಮೂರು.

ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಾವು ಹೋದ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಯಜಮಾನರು ನೇಯುತ್ತಿದ್ದರು, ಅವರ ಹೆಂಡತಿ ಪಕ್ಕದಲ್ಲಿ ನೂಲು ಸುತ್ತುತ್ತಿದ್ದರು. ಹೆಣ್ಣಿಗೆ ಹಸಿರು ಸೀರೆ ಆರಿಸಿದ ಮೇಲೆ ಆ ತಾಯಿ ಅರಿಶಿನ ಮೈಗೆ ಕುಂಕುಮದ ಅಂಚಿನ ಇನ್ನೊಂದು ಸೀರೆ ತೆಗೆದು ಮಗಳ ಹೆಗಲ ಮೇಲೆ ಹಾಕಿದರು. “ನೋಡವ್ವ, ನಿನಗೇ ನೇಯ್ದಂಗೈತೆ” ಅಂದರು.

ಮಗಳು ಅಭ್ಯಾಸದಂತೆ ಮೊಬೈಲ್ ಎತ್ತಿ ಒಂದು ಸೆಲ್ಫಿ ತೆಗೆದಳು. ಆ ತಾಯಿ ಆಸೆಯಿಂದ ಬಗ್ಗಿ ನೋಡಿದವರು ಹುಬ್ಬು ಗಂಟಿಕ್ಕಿದರು.

“ಇದು ನಮ್ಮ ಸೀರೆ ಅಲ್ಲ ಬಿಡು.”

“ಇದೇ ಅಜ್ಜಿ, ಈಗ ತೆಗೆದಿದ್ದು.”

“ಎಲ್ಲವ್ವ? ಅರಿಶಿನ ಹೋಗಿ ಬೆಣ್ಣೆ ಬಣ್ಣ ಆಗೈತಲ್ಲ! ನೀನು ಇದನ್ನ ನಾಕು ಜನಕ್ಕೆ ತೋರಿಸ್ತೀಯ. ಅವರು ಇದೇ ಬೇಕು ಅಂತ ಬರ್ತಾರೆ. ನಾನು ಎಲ್ಲಿಂದ ತರ್ಲಿ? ಮೋಸ ಮಾಡಿದ್ಳು ಅಂತಾರೆ ನನ್ನ.”

ಮಗಳಿಗೆ ಏನು ಹೇಳಬೇಕೋ ತೋಚಲಿಲ್ಲ. ಮುಖ ಬೆಳ್ಳಗೆ ಮಾಡಲು ಹಾಕಿದ್ದ ಫಿಲ್ಟರ್ ಸೀರೆಯ ಬಣ್ಣವನ್ನೂ ತಿಂದುಹಾಕಿತ್ತು. ಫಿಲ್ಟರ್ ತೆಗೆದು ಇನ್ನೊಂದು ಫೋಟೊ ತೆಗೆದಳು. “ಹಾಂ, ಇದು ನಮ್ಮದು” ಅಂದರು ಆ ತಾಯಿ. ಮಗಳು ಆ ಫೋಟೊವನ್ನು ಬಹಳ ಹೊತ್ತು ನೋಡುತ್ತಿದ್ದಳು. ಎರಡೂ ಸೀರೆ ಕಟ್ಟಿಸಿಕೊಂಡೆ.

ಮಧ್ಯಾಹ್ನ ಆಟೊ ಮಾಡಿಕೊಂಡು ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಗೆ ಹೋದೆವು. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಇರುವ ಜಾಗ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಅಂತ ಅದರಲ್ಲಿದೆ. ನಾನು ಹೇಳಿದ್ದಕ್ಕೆ ಮಗಳು “ನಿನಗೆ ಬೇಕಾದ್ದನ್ನೇ ಬರೆಸಿದ್ದಾನೆ ನೋಡಮ್ಮ” ಅಂತ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು.

ಅಲ್ಲೇ ಬಂಡೆ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಾಗ ಅವಳು ಮೆಲ್ಲಗೆ ಕೇಳಿದಳು. “ಅಮ್ಮ, ಗಂಡಿನ ಕಡೆಯವರಿಗೆ ಕಳಿಸೋಕೆ ಅಂತ ಸ್ಟುಡಿಯೋದಲ್ಲಿ ನನ್ನ ಫೋಟೊ ತೆಗೆಸಿದ್ಯಲ್ಲ, ಆವತ್ತು ನೀನು ಅವರಿಗೆ ಏನಂದೆ?”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಸ್ವಲ್ಪ ಬೆಳ್ಳಗೆ ಮಾಡಪ್ಪ” ಅಂದಿದ್ದೆ. ಅಷ್ಟೇ ಅಲ್ಲ, ಚಿಕ್ಕಂದಿನಿಂದ “ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ” ಅಂತ ಒಳಗೆ ಎಳೆದವಳು ನಾನು. ಅಕ್ಕನ ಮಗಳ ಪಕ್ಕ ನಿಲ್ಲಿಸಿ “ಅವಳ ಬಣ್ಣ ನೋಡು” ಅಂದವಳೂ ನಾನೇ. ಮೊಬೈಲ್ ಬರುವ ಎಷ್ಟೋ ಮೊದಲೇ ಫಿಲ್ಟರ್ ನಮ್ಮ ಮನೆಯಲ್ಲಿತ್ತು.

“ತಪ್ಪಾಯ್ತು ಕಣೆ” ಅಂದೆ. ಅವಳು ಏನೂ ಹೇಳದೆ ನನ್ನ ತಟ್ಟೆಗೆ ಚಟ್ನಿ ಹಾಕಿದಳು.

ಮನೆಗೆ ಬಂದ ಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಮನುಷ್ಯ ತನ್ನನ್ನು ಇನ್ನೊಬ್ಬರ ಜೊತೆ ಹೋಲಿಸಿಕೊಂಡೇ ಅಳೆದುಕೊಳ್ಳುತ್ತಾನೆ ಎಂಬುದನ್ನು ಲಿಯೊನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ವಿವರಿಸಿದ್ದರು. ಆಗ ಹೋಲಿಕೆ ಓಣಿಯ ಹತ್ತು ಜನರ ಜೊತೆ. ಈಗ ಸಾವಿರಾರು ಜನರ ಜೊತೆ, ಅದೂ ಅವರು ಆರಿಸಿ ತಿದ್ದಿ ಹಾಕಿದ ಮುಖದ ಜೊತೆ. ಇನ್‌ಸ್ಟಾಗ್ರಾಂನಿಂದ ಹಲವು ಹದಿಹರೆಯದ ಹುಡುಗಿಯರಿಗೆ ತಮ್ಮ ಮೈಕಟ್ಟಿನ ಬಗೆಗಿನ ಬೇಸರ ಹೆಚ್ಚುತ್ತದೆ ಎಂದು ಅದರ ಮಾಲೀಕ ಕಂಪನಿಯ ಒಳಗಿನ ಅಧ್ಯಯನವೇ ಹೇಳಿದ್ದು 2021ರಲ್ಲಿ ಹೊರಬಂದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಇಂಟರ್ನೆಟ್ಟಿನ ಅತಿಬಳಕೆಯ ತೊಂದರೆಗೆಂದೇ ‘ಶಟ್’ ಎಂಬ ಕ್ಲಿನಿಕ್ ತೆರೆದಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರಿಂದ ‘ಟೆಲಿ ಮಾನಸ್’ ಇದೆ. 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಗಳು ಒಂದೇ ದಿನಕ್ಕೆ ಸರಿಹೋದಳು ಅಂತ ಸುಳ್ಳು ಹೇಳಲಾರೆ. ಹಾಸ್ಟೆಲಿಗೆ ಮರಳಿದ ಮೇಲೆ ಆಪ್ತಸಮಾಲೋಚಕಿಯೊಬ್ಬರ ಬಳಿ ನಾಲ್ಕು ಸಲ ಹೋಗಿ ಬಂದಳು. ರಾತ್ರಿ ಮೊಬೈಲನ್ನು ರೂಮ್‌ಮೇಟ್ ಕೈಗೆ ಕೊಟ್ಟು ಮಲಗುತ್ತಾಳಂತೆ. ಕೆಲವು ದಿನ ಫೋನಿನಲ್ಲಿ ದನಿ ಕುಗ್ಗಿರುತ್ತದೆ. ಆಗ ನಾನು ಬುದ್ಧಿ ಹೇಳುವುದಿಲ್ಲ, “ಉಂಡ್ಯಾ?” ಅಂತಷ್ಟೇ ಕೇಳಿ ಅವಳ ಮಾತಿಗೆ ಕಾಯುತ್ತೇನೆ.

ಮದುವೆ ದಿನ ಅವಳು ಆ ಅರಿಶಿನದ ಸೀರೆ ಉಟ್ಟಿದ್ದಳು. ಫೋಟೊದವನು ಹತ್ತಿರ ಬಂದು “ಅಮ್ಮ, ಆಲ್ಬಮ್ಮಿಗೆ ಮುಖ ಸ್ವಲ್ಪ ಬ್ರೈಟ್ ಮಾಡ್ಲಾ?” ಅಂದ.

“ಬೇಡಪ್ಪ” ಅಂದೆ. “ಸೀರೆ ಬಣ್ಣ ಕೆಡ್ತದೆ.”

ಮಗಳು ನನ್ನ ಕಡೆ ತಿರುಗಿ ನೋಡಿ ನಕ್ಕಳು. ಫೋಟೊ ಆ ನಗುವಿನಲ್ಲೇ ಬಿದ್ದಿದೆ.