ಸಾಬರ ಚಾಸಿ, ಚಿಕ್ಕಪ್ಪನ ಗೇರು

ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿದ ಹೊಸತರಲ್ಲಿ ನಾನು ಗ್ಯಾರೇಜಿನ ಸಾಬರನ್ನು ತಿದ್ದುವ ಅಧಿಕಪ್ರಸಂಗ ಮಾಡಿದ್ದೆ. ಅವರು ಯಾವುದೋ ಲಾರಿಯ ಕೆಳಗೆ ಅಂಗಾತ ಮಲಗಿ, "ಚಾಸಿ ಬೆಂಡಾಗೈತೆ" ಅಂದರು. "ಚಾಸಿ ಅಲ್ಲ, ಚಾಸಿಸ್" ಅಂದೆ. ಲಾರಿಯ ಕೆಳಗಿನಿಂದ ಒಂದು ಸ್ಪ್ಯಾನರೂ ಒಂದು ನಗೆಯೂ ಒಟ್ಟಿಗೇ ಹೊರಬಂದವು.

ಅದು ಫ್ರೆಂಚ್ ಪದ, ಕೊನೆಯ ಸಕಾರ ನುಂಗಿಕೊಳ್ಳಬೇಕು ಎಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಪ್ಯಾರಿಸ್ಸಿಗೆ ನನ್ನ ಶಾಲೆಗಿಂತ ಸಾಬರೇ ಹತ್ತಿರದಲ್ಲಿದ್ದರು. ಗ್ಯಾರೇಜು, ಕಾರ್ಬೊರೇಟರು, ಶೋಫರು ಎಲ್ಲವೂ ಅಲ್ಲಿನವೇ. 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಜರ್ಮನಿಯವನಾದರೂ ಅದನ್ನು ವ್ಯಾಪಾರಕ್ಕೆ ಹಚ್ಚಿದವರಲ್ಲಿ ಫ್ರೆಂಚರೇ ಮುಂದು. 1891ರಲ್ಲಿ ಪನಾರ್ ಲೆವಸ್ಸೋರ್ ಕಂಪನಿ ಎಂಜಿನ್ನನ್ನು ಮುಂದಿಟ್ಟು, ಅದರ ಹಿಂದೆ ಕ್ಲಚ್ಚು, ಗೇರ್‌ಬಾಕ್ಸು ಜೋಡಿಸಿ ಹಿಂದಿನ ಚಕ್ರ ತಿರುಗಿಸಿತು. ಸಾಬರು ಮಲಗಿದ್ದ ಲಾರಿಯಲ್ಲೂ ಅದೇ ಪಂಕ್ತಿ. ಇನ್ನು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನ ಮನೆತನದ ಹೆಸರನ್ನಂತೂ ನಮ್ಮೂರ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ಮಾರುತ್ತಿದ್ದರು.

ಚಿಕ್ಕಪ್ಪನ ಹತ್ತಿರ ಫಿಯೆಟ್ ಇತ್ತು. ಬೆನ್ನ ಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಬರೆದಿದ್ದರೂ ಯಾರೂ ಹಾಗನ್ನುತ್ತಿರಲಿಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಇಟಲಿಯ ಫಿಯೆಟ್ 1100ಕ್ಕೆ 1974ರಲ್ಲಿ ಇಟ್ಟ ರಾಣಿಯ ಹೆಸರು ಅದು. ಹೋಲಿಸುವುದಾದರೆ ಮನೆ ಅಳಿಯನಿಗೆ ಹೋಲಿಸಬೇಕು. ಹುಟ್ಟಿದ ಮನೆಯಲ್ಲಿ 1966ರಲ್ಲೇ ಇದರ ಮಾಡೆಲ್ ಮರೆತರು. ಇಲ್ಲಿ ಹೆಸರು ಬದಲಿಸಿಕೊಂಡು 1990ರ ದಶಕದ ಕೊನೆಯವರೆಗೂ ಉಂಡು ತಿಂದು ಸುಖವಾಗಿತ್ತು. ಇನ್ನೊಬ್ಬ ಅಳಿಯ, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಅಂಬಾಸಿಡರ್ ಆಗಿ 2014ರವರೆಗೂ ಎದ್ದು ಹೋಗಲಿಲ್ಲ.

ಫಿಯೆಟ್ಟಿನ ಮುಂದಿನ ಸೀಟು ಅಡ್ಡಕ್ಕೆ ಒಂದೇ ಬೆಂಚು. ಗೇರಿನ ಕಡ್ಡಿ ಸ್ಟೇರಿಂಗಿನ ಎಡಪಕ್ಕದಲ್ಲಿದ್ದುದರಿಂದ ಚಿಕ್ಕಪ್ಪ, ಚಿಕ್ಕಮ್ಮರ ನಡುವೆ ನನಗೊಂದು ಜಾಗ ಕಾಯಂ. ಎರಡನೇ ಗೇರಿಗೆ ಹಾಕುವಾಗ ಚಿಕ್ಕಪ್ಪನ ಮೊಣಕೈ ನನ್ನ ತಲೆಗೆ ಮೊಟಕುತ್ತಿತ್ತು. ಜಾತ್ರೆಗೆ ಹೋಗಿಬರುವಷ್ಟರಲ್ಲಿ ಎಷ್ಟು ಸಲ ಗೇರು ಬದಲಾಯಿತು ಅಂತ ನಾನು ಎಣಿಸದೆಯೇ ಹೇಳುತ್ತಿದ್ದೆ.

ಕೊನೆಗೊಮ್ಮೆ ಅವರೂ ಮಾರುತಿ 800 ತಂದರು. "ಯುರೋಪು ಸಾಕಾಯ್ತು ಕಣಯ್ಯ, ಇದು ಜಪಾನಿಂದು" ಅಂತ ಬೀಗಿದರು. ಸಾಬರು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, "ಎಂಜಿನ್ ಅಡ್ಡ ಮಲಗೈತಲ್ಲ ಸ್ವಾಮಿ" ಅಂದರು. ಎಂಜಿನ್ನನ್ನು ಹೀಗೆ ಅಡ್ಡ ಮಲಗಿಸಿ ಮುಂದಿನ ಚಕ್ರ ತಿರುಗಿಸಿ ಜಗತ್ತನ್ನು ಬೆರಗುಗೊಳಿಸಿದ್ದು 1959ರ ಬ್ರಿಟಿಷ್ ಮಿನಿ, ಇಸಿಗೋನಿಸ್ ಎಂಬಾತನ ಕೈಚಳಕ. ಅದರಲ್ಲಿ ಗೇರ್‌ಬಾಕ್ಸು ಎಂಜಿನ್ನಿನ ಕೆಳಗಿತ್ತು. ಅದನ್ನು ಪಕ್ಕಕ್ಕೆ ತಂದು, ಈ ಮಾರುತಿಯೂ ಈಗಿನ ಬಹುತೇಕ ಸಣ್ಣ ಕಾರುಗಳೂ ಅನುಸರಿಸುವ ದಾರಿ ಹಾಕಿದವನು ದಾಂತೆ ಜಾಕೋಸಾ. ಫಿಯೆಟ್ಟಿನ ಮುಖ್ಯ ಎಂಜಿನಿಯರ್. ಚಿಕ್ಕಪ್ಪನ ಹಳೇ ಗಾಡಿಯ ವಂಶವೂ ಅವನ ಕೈಕೆಳಗೇ ಬೆಳೆದದ್ದು. ಮುಂಬಾಗಿಲಿನಿಂದ ಕಳಿಸಿಕೊಟ್ಟ ಅಳಿಯ ಹಿತ್ತಿಲ ಬಾಗಿಲಿನಿಂದ ಜಪಾನಿ ಅಂಗಿ ತೊಟ್ಟು ಒಳಗೆ ಬಂದಿದ್ದ. ಆಗ ನಮಗ್ಯಾರಿಗೂ ಇದು ಗೊತ್ತಿರಲಿಲ್ಲ.

ಚಿಕ್ಕಪ್ಪನ ಎಡಗೈ ಮಾತ್ರ ಹೊಸ ಗಾಡಿಗೆ ಒಗ್ಗಲೇ ಇಲ್ಲ. ಗೇರು ಬದಲಿಸಬೇಕಾದಾಗೆಲ್ಲ ಅದು ತಾನಾಗಿ ಸ್ಟೇರಿಂಗಿನ ಪಕ್ಕಕ್ಕೇ ಹೋಗುತ್ತಿತ್ತು. ಅಲ್ಲಿ ಸಿಗುತ್ತಿದ್ದುದು ವೈಪರ್ ಕಡ್ಡಿ. ಬಿರುಬೇಸಿಗೆಯ ನಡುಮಧ್ಯಾಹ್ನ ವೈಪರ್ ಬೀಸಿಕೊಂಡು ಕಾರು ಬಂದರೆ, ಸಾಬರು ಗ್ಯಾರೇಜಿನಿಂದಲೇ ಕತ್ತೆತ್ತಿ ಹೇಳುತ್ತಿದ್ದರು: "ಸ್ವಾಮಿಯೋರು ಸೆಕೆಂಡ್ ಗೇರಿಗೆ ಬಂದ್ರು."