ಸಾಲ ಬಾಯಿ ಬಿಟ್ಟು ಹೇಳಿದ ವರ್ಷ

ನಮ್ಮ ಕಡೆ ಸಾಲಕ್ಕ ಹೆಸರ ಭಾಳ. ಕಿರಾಣಿ ಅಂಗಡ್ಯಾಗ ಆದ್ರ ಉದ್ರಿ, ತವರವರ ಕಡೆ ಇಸಗೊಂಡ್ರ ಕೈಗಡ, ಸಾವಕಾರ ಕೊಟ್ರ ಬಡ್ಡಿ ರೊಕ್ಕ, ಬ್ಯಾಂಕಿನ್ಯಾಗ ಇಟ್ರ ಬಂಗಾರದ ಸಾಲ. ಇತ್ತೀಚಿಗೆ ಬಂದದ್ದು ಸಂಘದ ಸಾಲ, ವಾರಕ್ಕೊಮ್ಮೆ ಕಂತು ಕಟ್ಟೂದು. ಹಿಂಗ ಹೆಸರ ಬ್ಯಾರೆ ಬ್ಯಾರೆ ಇರೂದಕ್ಕ ಒಟ್ಟು ಎಷ್ಟಾತು ಅಂತ ಯಾರೂ ಕೂಡ್ಸಿ ನೋಡಂಗಿಲ್ಲ. ಗಂಡಗ ಒಂದು ಗೊತ್ತಿರತದ, ಅತ್ತಿಗೆ ಇನ್ನೊಂದು. ಪೂರಾ ಲೆಕ್ಕ ಸಾಲ ತಂದಾಕಿಗೂ ಗೊತ್ತಿರೂದಿಲ್ಲ.

‘ಸಂಘ’ ಅನ್ನೂ ಮಾತೂ ಈಗ ಎರಡ ಆಗ್ಯಾವ ನೋಡ್ರಿ. ಒಂದು ಉಳಿತಾಯದ ಸಂಘ. ನಮ್ಮ ರಾಜ್ಯದಾಗ 2000ದಾಗ ಸ್ತ್ರೀಶಕ್ತಿ ಯೋಜನೆ ಬಂದಾಗಿಂದ ಓಣಿ ಓಣಿಗೆ ಇಂಥಾವು ಆದವು. ವಾರಕ್ಕ ಹತ್ತು ಇಪ್ಪತ್ತು ರೂಪಾಯಿ ಹಾಕೂದು, ಕೂಡಿದ್ದರಾಗ ತಮ್ಮವರಿಗೇ ಕೊಡೂದು, ಬಡ್ಡಿನೂ ತಮ್ಮ ಪೆಟ್ಟಿಗ್ಯಾಗೇ ಬೀಳೂದು. ಇದು ನಮ್ಮ ನಾಡಿಗೆ ಹೊಸಾದಲ್ಲ. ಗದಗಿನ ಹತ್ತಿರ ಕಣಗಿನಹಾಳದಾಗ 1905ರಾಗೇ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದ್ರು.

ಇನ್ನೊಂದು ಸಂಘ ಬ್ಯಾರೆ. ಕಂಪನಿಯವರು ಹತ್ತು ಮಂದಿ ಹೆಣ್ಮಕ್ಕಳ್ನ ಕೂಡಿಸಿ ಒಬ್ಬರಿಗೊಬ್ಬರು ಜಾಮೀನು ಮಾಡಿ ರೊಕ್ಕ ಕೊಡ್ತಾರ. ಇದಕ್ಕೂ ನಾವು ಸಂಘ ಅಂತೀವಿ. ಆದ್ರ ಇಲ್ಲಿ ಉಳಿತಾಯ ಇಲ್ಲ, ವಸೂಲಿ ಅದ. ಒಬ್ಬಾಕಿ ಕಂತು ತಪ್ಪಿಸಿದ್ರ ಉಳಿದವರು ಆಕಿ ಬಾಗಲದಾಗ ಹೋಗಿ ಕೂಡಬೇಕು. ಹಪ್ಪಳಾ ಲಟ್ಟಿಸಾಕ ಜೋಡಿ ಕೂಡವರು, ಕುಪ್ಪಸದ ಕಣ ಕೊಟ್ಟು ತಗೊಳ್ಳವರು, ಅವರೇ ವಸೂಲಿಗೆ ನಿಂತಂಗ ಆಗತದ. ನನ್ನ ನೆಗೆಣ್ಣಿ ಗುರುವಾರ ಬಂತಂದ್ರ ಹಿತ್ತಲ ಬಾಗಲಿಂದ ಹೊಲದ ಕಡೆ ಹೋಗಿ ಬಿಡಾಕಿ. ಮನಿಗೆ ಕೀಲಿ ಹಾಕಿ ಎಲ್ಲಾರೂ ಪುಣೆಕ್ಕ ದುಡಿಯಾಕ ಹೋಗೂದು ಅಂತ ಗಂಡಾ ಹೆಂಡ್ತಿ ಮಾತಾಡಕೊಂಡಿದ್ರು. ಮಗಳು ಎಸ್ಸೆಸ್ಸೆಲ್ಸಿಗೆ ಹೊಂಟಿದ್ಲು. ಗುಳೇ ಹ್ವಾದ ಮನಿ ಮಕ್ಕಳ ಸಾಲಿ ಏನಾಗತದ ಅನ್ನೂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕಿನವರಿಗೆ ಬಿಡಿಸಿ ಹೇಳೂದು ಬ್ಯಾಡ.

2025ರ ಯುಗಾದಿಗೆ ನಾವು ಐದು ಮಂದಿ ಒಂದು ಮಾತು ಮಾಡಿದ್ವಿ. ಬಾಗೇವಾಡ್ಯಾಗ ನಾನು ಮತ್ತ ನೆಗೆಣ್ಣಿ, ಸಿಂದಗ್ಯಾಗ ನನ್ನ ತಂಗಿ, ಇಂಡ್ಯಾಗ ಸೋದರತ್ತಿ ಮಗಳು, ಮುದ್ದೇಬಿಹಾಳ ಕಡೆ ಹಳ್ಳ್ಯಾಗ ಅಕ್ಕನ ಮಗಳು. ಐದೂ ಮಂದಿಗೆ ಸಾಲ ಇತ್ತು. ನಂದು ಮಗನ ಫೀಗೆ ಇಟ್ಟ ಬಂಗಾರ. ಮಾತು ಏನಂದ್ರ, ಒಬ್ಬರಿಗೊಬ್ಬರು ರೊಕ್ಕ ಕೊಡೂದಿಲ್ಲ. ಕೊಟ್ರ ಒಂದು ಸಾಲ ಹೋಗಿ ಎರಡ ಆಗತಾವ, ಮ್ಯಾಲೆ ಬೀಗತನ ಕೆಡತದ. ಕೊಡೂದು ಎರಡೇ: ಕಿವಿ ಮತ್ತ ಕೈ. ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ಫೋನಿನ್ಯಾಗ ಐದೂ ಮಂದಿ ಲೆಕ್ಕಾ ಹೇಳೂದು. ವರ್ಷ ಮುಗಿಯೂತನಾ ಹೊಸಾ ಸಾಲ ಇಲ್ಲ. ದವಾಖಾನಿ ಬಂದ್ರ ಮೊದಲ ನಾಲ್ಕು ಮಂದಿಗೆ ಹೇಳೂದು, ಆಮ್ಯಾಲೆ ಕೈ ಚಾಚೂದು.

ನೆಗೆಣ್ಣಿ ಲೆಕ್ಕಾ ಬರಿಯಾಕ ಮೂರು ದಿನಾ ಹಿಡೀತು. ಆಕಿಗೆ ಕೇಳೇ ಬರೀತೀನಿ. ಕಿರಾಣಿ ಉದ್ರಿ 4,000, ಸಾವಕಾರಂದು 20,000, ವಾರದ ಸಂಘದ್ದು ಉಳಿದದ್ದು 18,000, ಬಂಗಾರದ ಮ್ಯಾಲೆ 16,000, ತವರಿನ ಕೈಗಡ 6,000. ಕೂಡ್ಸಿದ್ರ 64,000. ಆಕಿ ಒಂದು ಲಕ್ಷದ ಮ್ಯಾಲೆ ಅದ ಅಂತ ತಿಳಕೊಂಡು ಕುಂತಿದ್ಲು! ಸಾವಕಾರನ ಬಡ್ಡಿ ನೂರಕ್ಕ ತಿಂಗಳಿಗೆ 3 ರೂಪಾಯಿ. ಕೇಳಾಕ ಮೂರು ರೂಪಾಯಿ, ವರ್ಷಕ್ಕ 36 ಆತು. 20,000ಕ್ಕ ತಿಂಗಳಾ 600 ಕೊಟಗೋತ ಹ್ವಾದ್ರೂ ಅಸಲಿಗೆ ಒಂದು ರೂಪಾಯಿ ಕಡಿಮಿ ಆಗೂದಿಲ್ಲ.

ವಾರದ ಕಂತು 500 ಹೆಂಗೂ ಮನಿ ಖರ್ಚಿನ್ಯಾಗ ಹೋಗೂದು, ಅದನ್ನ ಹಂಗೇ ಬಿಟ್ವಿ, 36 ವಾರಕ್ಕ ತಾನ ಮುಗೀತು. ಉಳಿದದ್ದಕ್ಕ ಗೃಹಲಕ್ಷ್ಮಿ 2,000 ಇಟ್ವಿ, ಆಕಿ ಜ್ವಾಳದ ರೊಟ್ಟಿ ಬಡದು ಖರ್ಚು ತಗದು ಉಳಿಸಿದ 2,500 ಇಟ್ವಿ. ತಿಂಗಳಿಗೆ 4,500. ಮೊದಲನೇ ತಿಂಗಳು ಕಿರಾಣಿ ಉದ್ರಿ ಹರೀತು. ಸಣ್ಣದೇ ಖರೆ, ಆದ್ರ ಆ ಅಂಗಡಿ ಮುಂದ ತಲಿ ಎತ್ತಿ ಹಾಯ್ದು ಹ್ವಾದದ್ದು ಆಕಿಗೆ ದೊಡ್ಡದಾತು. ಆಮ್ಯಾಲೆ ಪೂರಾ ಸಾವಕಾರನ ಮ್ಯಾಲೆ. ಬಡ್ಡಿ ಜೋಡಿ ಅಸಲಿನ ತುಂಡೂ ಇಸಗೋಬೇಕು, ಕೊಟ್ಟದ್ದು ಅವತ್ತೇ ಬರದು ಸಹಿ ಹಾಕಬೇಕು ಅಂತ ಇಬ್ಬರೂ ಹೋಗಿ ಕೇಳಿದ್ವಿ. ಒಬ್ಬಾಕಿ ಹ್ವಾದ್ರ ಕೇಳದವರು ಇಬ್ಬರು ಹ್ವಾದ್ರ ಕೇಳ್ತಾರ. 600 ಇದ್ದ ಬಡ್ಡಿ 483 ಆತು, 362 ಆತು, ಆರನೇ ತಿಂಗಳಿಗೆ ಹರೀತು. ಹತ್ತನೇ ತಿಂಗಳಿಗೆ ಬಂಗಾರ ಮನಿಗೆ ಬಂತು. ಅಷ್ಟರಾಗ ವಾರದ ಕಂತಿನ ರೊಕ್ಕಾನೂ ಬಿಡುವಾಗಿತ್ತು, ಹನ್ನೊಂದನೇ ತಿಂಗಳು ತವರಿನದು ಮುಟ್ಟಿಸಿದ್ಲು. ಬಡ್ಡಿ ಇಲ್ಲದ್ದು ಕಡೀಕ, ಬಡ್ಡಿ ಸುಡೂದು ಮೊದಲ. ಇಷ್ಟೇ ಸೂತ್ರ.

ಇನ್ನ ಕೈ ಕೊಡೂದು ಅಂದ್ರ ನಮ್ಮ ಹಿರ್ಯಾರ ಮುಯ್ಯಾಳು ಪದ್ಧತಿನೇ. ಮದವಿ ಮನಿಯಿಂದ ಐದುನೂರು ರೊಟ್ಟಿ ಹೇಳಿದಾಗ ಓಣಿ ನಾಲ್ಕು ಮಂದಿ ನೆಗೆಣ್ಣಿ ಒಲಿ ಮುಂದ ಕುಂತ್ವಿ. ಇಂಡಿ ನಿಂಬಿಗೆ ಭೌಗೋಳಿಕ ಗುರುತಿನ ಮಾನ್ಯತಾ ಸಿಕ್ಕದ ಅಂತ ನೀವು ಕೇಳೀರಿ. ಸೋದರತ್ತಿ ಮಗಳು ಹಾಕಿದ ನಿಂಬಿಕಾಯಿ ಉಪ್ಪಿನಕಾಯಿ ಬಾಟ್ಲಿ ಸಿಂದಗಿ ಮತ್ತ ಬಾಗೇವಾಡಿ ಓಣ್ಯಾಗ ನಾವೇ ಮಾರಿದ್ವಿ. ಮುದ್ದೇಬಿಹಾಳದಾಕಿ ತೊಗರಿ ಕೊಯ್ಯಾಕ ಬಂದಾಗ ಮೂರು ದಿನಾ ಹೋಗಿ ಬಂದ್ವಿ, ಆಳಿನ ಪಗಾರ ಉಳೀತು, ಅದು ಸೀದಾ ಗೊಬ್ಬರದ ಅಂಗಡಿ ಬಾಕಿಗೆ ಹೋತು. ಪಂಚಮಿಗೆ ಉಂಡಿ ಎಲ್ಲಾರ ಮನ್ಯಾಗೂ ಆದ್ವು, ಹೊಸಾ ಸೀರಿ ಮಾತ್ರ ಯಾರೂ ತರಲಿಲ್ಲ. ಒಬ್ಬಾಕಿನೇ ತರದಿದ್ರ ಮಂದಿ ಏನಂತಾರ ಅನ್ನೂ ಅಂಜಿಕಿ. ಐದೂ ಮಂದಿ ತರದಿದ್ರ ಅದು ನೇಮಾ ಆತು.

ಎಲ್ಲಾರದೂ ಸರಳ ಹರಿಲಿಲ್ಲ. ಸಿಂದಗಿ ತಂಗಿ ಗಂಡಗ ನಡುವ ಆಪರೇಶನ್ ಬಂತು. ಆಕಿ ಹೊಸಾ ಸಂಘಕ್ಕ ಹೆಬ್ಬಟ್ಟು ಒತ್ತೂಕಿಂತ ಮೊದಲ ಫೋನು ಮಾಡಿದ್ಲು. ಕಾರ್ಡು ಏನೇನು ಅದಾವ, ಎಷ್ಟು ಖರ್ಚು, ಎಲ್ಲಾ ಕೇಳಿ ಕುಂತು ದಾರಿ ಹುಡಿಕಿದ್ವಿ. ಆಕಿದು ನಾಲ್ಕರಾಗ ಒಂದು ಪಾಲು ಇನ್ನೂ ಅದ. ಅದಕ್ಕ ಅಮಾಸಿ ಹುಣ್ಣಿವಿ ಫೋನು ಇನ್ನೂ ನಿಂತಿಲ್ಲ.

ಮೈಕ್ರೋ ಫೈನಾನ್ಸ್ ಸಾಲ ಇದ್ದವರು ಇಷ್ಟು ಮಾತ್ರ ಬಾಯಿಪಾಠ ಮಾಡ್ರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂಗ ಮುಂಜಾನೆ 9ಕ್ಕಿಂತ ಮೊದಲ, ಸಂಜಿ 6 ಆದ ಮ್ಯಾಲೆ ವಸೂಲಿಗೆ ಬರೂವಂಗಿಲ್ಲ. ಸಾಲ ಮೊದಲೇ ತೀರಿಸಿದ್ರ ದಂಡಾ ಹಾಕೂವಂಗಿಲ್ಲ. ಎಲ್ಲಾ ಸಾಲದ ಕಂತು ಕೂಡ್ಸಿದ್ರೂ ಮನಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗೂವಷ್ಟು ಸಾಲ ಕೊಡೂವಂಗಿಲ್ಲ. ನಮ್ಮ ರಾಜ್ಯದಾಗ 2025ರಾಗ ಬಂದ ಕಾನೂನಿನ ಪ್ರಕಾರ ಸಾಲಗಾರರಿಗೆ ಕಿರುಕುಳ ಕೊಟ್ರ 10 ವರ್ಷದತನಾ ಜೈಲು, 5 ಲಕ್ಷದತನಾ ದಂಡ ಅದ. ಪೊಲೀಸ್ ಠಾಣೆಕ್ಕ ಹೋಗಾಕ ನಾಚೂದು ಬ್ಯಾಡ, ಸಾಲಾ ಮಾಡೂದು ಕಳವಲ್ಲ.

ಸಾಲಕ್ಕಿಂತ ಸಾಲದ ಗುಟ್ಟು ಭಾರ. ಕಂಪನಿ ಕೂಡ್ಸಿದ ಹತ್ತು ಮಂದಿ ಕಂತು ಕೇಳಿದ್ರು, ನಾವು ಕೂಡಿದ ಐದು ಮಂದಿ ‘ಎಷ್ಟು ಉಳೀತು’ ಅಂತ ಕೇಳಿದ್ವಿ. ಕೇಳೂದು ಒಂದೇ, ಕೇಳೂ ಮಂದಿ ಬ್ಯಾರೆ. ನೆಗೆಣ್ಣಿ ಮಗಳು ಈ ವರ್ಷ ಇಲ್ಲೇ, ತನ್ನ ಸಾಲ್ಯಾಗೇ ಪರೀಕ್ಷಾ ಬರದ್ಲು. ಆ ತಿಂಗಳಾ 4,500 ಈಗ ಆಕಿ ಹೆಸರಿನ ಖಾತೆಕ್ಕ ಬೀಳತದ. ನಿಮ್ಮ ಓಣ್ಯಾಗೂ ಮೂರು ಮಂದಿ ನಂಬಿಗಸ್ತರು ಸಿಕ್ರ ಸಾಕು, ಒಂದು ವಹಿ ತಗೊಂಡು ಕೂಡ್ರಿ. ಮೊದಲ ಹೇಳಾಕಿಗೆ ಭಾಳ ತ್ರಾಸ ಆಗತದ, ಎರಡನೇದಾಕಿಗೆ ಅಷ್ಟಾಗೂದಿಲ್ಲ.