ಸಕ್ಕರೆಯ ನಾಡಿನಲ್ಲಿ ಮುಖಪುಟಗಳ ಶೋಧ

2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಧಾವಿಸುವ ಪ್ರವಾಸಿಗನಿಗೆ ಮಂಡ್ಯ, ಮದ್ದೂರುಗಳು ಫಲಕದ ಮೇಲಿನ ಹೆಸರುಗಳು ಮಾತ್ರ. ಹಳೆಯ ರಸ್ತೆಗೆ ಇಳಿದವನಿಗೆ ಊರು ಎದುರಾಗುತ್ತದೆ. ವ್ಯಾಸಂಗದ ಅಂಗವಾಗಿ ಚಲನಚಿತ್ರ ಪತ್ರಿಕೆಯೊಂದರ ಮುಖಪುಟವನ್ನು ರಚಿಸಬೇಕಾದ ವಿದ್ಯಾರ್ಥಿಯೂ ಇಳಿಯಬೇಕಾದುದು ಆ ಹಳೆಯ ರಸ್ತೆಗೇ. ಕುಂಚ ಹಿಡಿಯುವ ಮುನ್ನ ಹಿಂದಿನವರು ಮಾಡಿದ್ದನ್ನು ನೋಡಬೇಕಲ್ಲವೇ?

1933ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಯಿಂದ ಮಂಡ್ಯಕ್ಕೆ ಹೆಸರು ಬಂದಿತು. ಇಂಥ ಊರಿನಲ್ಲಿ ಹಳೆಯ ಸಂಚಿಕೆಗಳನ್ನು ಅರಸುವವರು ಮೊದಲು ಗ್ರಂಥಾಲಯದ ಕಡೆಗೆ ನಡೆಯುವುದು ಸಹಜ. ಆದರೆ ಪತ್ರಿಕೆಗಳನ್ನು ಸಂಪುಟಗಳಾಗಿ ಕಟ್ಟುವಾಗ ಮುಖಪುಟಗಳನ್ನು ಕಿತ್ತುಹಾಕುವ ರೂಢಿ ಅನೇಕ ಕಡೆ ಇದ್ದಿತು. ಒಳಗಿನ ಧಾರಾವಾಹಿ ಉಳಿಯಿತು. ಜನರನ್ನು ಮೊದಲು ಕರೆದ ಮುಖ ಮಾಯವಾಯಿತು. ಆದುದರಿಂದ ಶೋಧವು ಕ್ಷೌರದಂಗಡಿಯ ಗೋಡೆಗೂ, ಹಳೆಯ ಮನೆಯ ಟ್ರಂಕಿನ ಮುಚ್ಚಳದ ಒಳಮೈಗೂ ಸಾಗಬೇಕಾಗುತ್ತದೆ. ಮೆಚ್ಚಿನ ತಾರೆಯ ಚಿತ್ರವನ್ನು ಕತ್ತರಿಸಿ ಅಂಟಿಸಿದವರೇ ಈ ಕಲೆಯ ನಿಜವಾದ ರಕ್ಷಕರು.

ಈ ಕಲೆಗೆ ಕನ್ನಡ ನಾಡಿನ ಕೊಡುಗೆ ಕಡಿಮೆಯದಲ್ಲ. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ನೆಲೆಸಿ, ಬಾಬುರಾವ್ ಪಟೇಲರ ‘ಫಿಲ್ಮಿಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನು ಚಿತ್ರಿಸಿದರು. ಕುಂಚದ ಕಾಲ ಕಳೆದು ಛಾಯಾಚಿತ್ರದ ಕಾಲ ಬಂದಿತು. ಮಣಿಪಾಲದ ‘ರೂಪತಾರಾ’ದಂಥ ಮಾಸಪತ್ರಿಕೆಗಳು ತಾರೆಯರ ಬಣ್ಣದ ಚಿತ್ರಗಳನ್ನು ಮನೆಮನೆಗೆ ತಲುಪಿಸಿದವು. ಬಣ್ಣಬಣ್ಣಕ್ಕೂ ಬೇರೆ ಅಚ್ಚು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ನಾಯಕಿಯ ತುಟಿ ಎರಡಾಗಿ ಕಾಣುತ್ತಿತ್ತು. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಬರುವಂತೆ ದಾರಕ್ಕೆ ತೂಗುಹಾಕಿದಾಗ ಮೇಲಿನ ಅಂಚು ಮಾತ್ರ ಕಾಣುವುದರಿಂದ, ಪತ್ರಿಕೆಯ ಹೆಸರಿಗೆ ಅಲ್ಲಿಯೇ ಸ್ಥಾನ. ಹೀಗೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ಕಾರಣ!

ಮಂಡ್ಯದಿಂದ ಬೆಂಗಳೂರಿನ ದಿಕ್ಕಿಗೆ ಹೊರಟರೆ ಮದ್ದೂರು. ವಡೆಯ ಪರಿಮಳ ಪ್ರಯಾಣಿಕರನ್ನು ತಡೆದು ನಿಲ್ಲಿಸುವ ಈ ಊರಿನ ತಾಲ್ಲೂಕಿಗೆ ಸೇರಿದ ದೊಡ್ಡರಸಿನಕೆರೆಯಲ್ಲಿ 1952ರಲ್ಲಿ ಅಂಬರೀಷ್ ಜನಿಸಿದರು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಜಲೀಲನಾಗಿ ತೆರೆಗೆ ಬಂದ ಅವರು, ಮುಂದೆ ಮಂಡ್ಯದಿಂದ ಲೋಕಸಭೆಗೂ ಆಯ್ಕೆಯಾದರು. 2018ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪಾರ್ಥಿವ ಶರೀರವನ್ನು ಮಂಡ್ಯಕ್ಕೂ ತರಲಾಯಿತು. ಹೊರಗಿನವರಿಗೆ ತಾರೆಯಾದವರು ಇಲ್ಲಿಯವರಿಗೆ ನಮ್ಮೂರ ಹುಡುಗ. ಹಾಗಾದರೆ ಅಂಥವರ ಮುಖವನ್ನು ಹೊತ್ತ ಹಾಳೆ ಈ ಸೀಮೆಯ ಮನೆಗಳಲ್ಲಿ ಬರಿಯ ಜಾಹೀರಾತಾಗಿ ಉಳಿದೀತೆ? ಯಾರ ಕಣ್ಣಿಗಾಗಿ ಬರೆಯುತ್ತಿದ್ದೇನೆಂಬ ಪ್ರಶ್ನೆ ಮುಖಪುಟದ ಕಲಾವಿದನಿಗೆ ಇಲ್ಲಿ ತಾನಾಗಿಯೇ ಎದುರಾಗುತ್ತದೆ.

ಮದ್ದೂರಿನಿಂದ ದಕ್ಷಿಣಕ್ಕೆ ತಿರುಗಿದ ರಸ್ತೆ ಮಳವಳ್ಳಿಗೆ ಒಯ್ಯುತ್ತದೆ. ಆ ತಾಲ್ಲೂಕಿನ ಗಡಿಯಲ್ಲಿ ಕಾವೇರಿಯು ಗಗನಚುಕ್ಕಿಯಾಗಿ ಧುಮ್ಮಿಕ್ಕುತ್ತಾಳೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಂಥ ನೋಟಗಳಿಗೆ ಸಿನಿಮಾ ಮಾರುಹೋದರೂ, ಮುಖಪುಟದಲ್ಲಿ ಅವಕ್ಕೆ ದೊರೆತದ್ದು ತಾರೆಯ ಹಿಂದಿನ ಒಂದಿಷ್ಟು ನೀಲಿ. ಹತ್ತಡಿ ದೂರದಿಂದ ಮನಸ್ಸನ್ನು ಸೆಳೆಯುವುದು ಮುಖವೇ ಎಂಬುದನ್ನು ಹಿಂದಿನವರು ಬಲ್ಲವರಾಗಿದ್ದರು. ಆದರೂ ಆ ಮುಖ ಯಾವ ನೆಲದ್ದೆಂಬುದನ್ನು ಒಂದು ಕಬ್ಬಿನ ಗರಿಯಿಂದಲೋ, ಒಂದು ಕೆರೆಯ ಏರಿಯಿಂದಲೋ ಸೂಚಿಸಲು ಇಂದಿನ ವಿದ್ಯಾರ್ಥಿಗೆ ಅಡ್ಡಿಯೇನು?

ಹೊಸದನ್ನು ರಚಿಸುವುದರ ಜೊತೆಗೆ ಇನ್ನೊಂದು ಕೆಲಸವೂ ಅವಸರದ್ದಾಗಿದೆ. ಮನೆ ಬದಲಿಸುವಾಗ, ಅಂಗಡಿಗೆ ಸುಣ್ಣ ಬಳಿಯುವಾಗ ಹಳೆಯ ಹಾಳೆಗಳು ಗುಜರಿಯ ತಕ್ಕಡಿಯನ್ನು ಸೇರುತ್ತಿವೆ. ಕಂಡ ಒಂದೊಂದು ಮುಖಪುಟದ ಛಾಯಾಚಿತ್ರವನ್ನು ತೆಗೆದು, ಪತ್ರಿಕೆಯ ಹೆಸರನ್ನೂ ತಿಂಗಳು–ವರ್ಷಗಳನ್ನೂ ಬರೆದಿಟ್ಟರೆ, ಒಂದು ಪಾಠದ ಅಭ್ಯಾಸವು ಒಂದು ಸೀಮೆಯ ನೆನಪನ್ನೂ ಕಾಪಾಡೀತು. ಅಜ್ಜಿಯ ಟ್ರಂಕನ್ನು ಮೊಮ್ಮಗಳು ತೆರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?